ಕರಿಹಲಗೆಯ ಮುಂದೆ ನಿಂತವರು: ಕೇರಳದ ಸಾರ್ವಜನಿಕ ಶಾಲೆಗಳೂ ಕನ್ನಡದ ಅಧ್ಯಾಪಕರೂ

ಕೊಚ್ಚಿಯ ಹತ್ತಿರದ ಚೇರಾನಲ್ಲೂರಿನ ಒಂದು ಮೀನುಗಾರ ಕುಟುಂಬದಲ್ಲಿ ಕೆ.ಪಿ. ಕರುಪ್ಪನ್ ಹುಟ್ಟಿದರು. ಅದು 1885. ಸಂಸ್ಕೃತ ಕಲಿತರು, ಕವಿಯಾದರು, ಜಾತಿಯ ಕಟ್ಟುಗಳನ್ನು ಪ್ರಶ್ನಿಸಿ ‘ಜಾತಿಕ್ಕುಮ್ಮಿ’ ಬರೆದರು. ಎರ್ನಾಕುಳಂನಲ್ಲಿ ಮೇಲ್ಜಾತಿಯ ಹೆಣ್ಣುಮಕ್ಕಳು ಓದುವ ಶಾಲೆಗೆ ಅವರು ಸಂಸ್ಕೃತದ ಅಧ್ಯಾಪಕರಾಗಿ ಬಂದಾಗ ಪೋಷಕರಿಂದ ತಕರಾರು ಎದ್ದಿತು. ಕೊಚ್ಚಿಯ ಅರಸರು ತಕರಾರಿಗೆ ಮಣಿಯಲಿಲ್ಲ. ಕರುಪ್ಪನ್ ಪಾಠ ಮಾಡಿದರು. ಮುಂದೆ ಮಹಾರಾಜಾಸ್ ಕಾಲೇಜಿನಲ್ಲೂ ಕಲಿಸಿದರು. ಕೆಳಜಾತಿಯವರು ನೆಲದ ಮೇಲೆ ಸಭೆ ಸೇರಲಾಗದ ಕಾಲದಲ್ಲಿ, 1913ರಲ್ಲಿ, ಕೊಚ್ಚಿಯ ಹಿನ್ನೀರಿನ ಮೇಲೆ ದೋಣಿಗಳನ್ನು ಜೋಡಿಸಿ ಸಭೆ ನಡೆಸಿದವರಲ್ಲಿ ಅವರೂ ಮುಖ್ಯರು.

ಕೇರಳದ ಸಾರ್ವಜನಿಕ ಶಿಕ್ಷಣದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಮಕ್ಕಳ ಕಡೆಯಿಂದ ಹೇಳುತ್ತಾರೆ: ಯಾವ ಜಾತಿಯ ಮಗು ಯಾವಾಗ ಶಾಲೆ ಸೇರಿತು, ಸಾಕ್ಷರತೆ ಎಷ್ಟು ಏರಿತು ಎಂದು. ಅಷ್ಟೇ ಮಹತ್ವದ ಇನ್ನೊಂದು ಕಥೆ ಅಧ್ಯಾಪಕರ ಕಡೆಯದು. ಕರಿಹಲಗೆಯ ಮುಂದೆ ಯಾರು ನಿಲ್ಲಬಹುದು, ಅವರನ್ನು ಯಾರು ಆರಿಸಬೇಕು, ಯಾರು ತಯಾರು ಮಾಡಬೇಕು ಎಂಬ ಪ್ರಶ್ನೆಗಳಿಗೆ ಈ ರಾಜ್ಯ ನೂರು ವರ್ಷಕ್ಕೂ ಹೆಚ್ಚು ಕಾಲ ಉತ್ತರ ಹುಡುಕಿದೆ. ಕಾಸರಗೋಡಿನ ಕನ್ನಡ ಅಧ್ಯಾಪಕರ ಚರಿತ್ರೆ ಆ ಹುಡುಕಾಟದ ಒಂದು ಭಾಗ. ಗಡಿಜಗಳದ ಅಧ್ಯಾಯವೆಂದಷ್ಟೇ ಓದಿದರೆ ಅದರ ಅರ್ಧ ಮಾತ್ರ ಕಾಣುತ್ತದೆ.

ತಿರುವಿದಾಂಕೂರಿನಲ್ಲಿ ಈ ಪ್ರಶ್ನೆ ಮೊದಲು ಎದ್ದದ್ದು ಸರ್ಕಾರಿ ನೌಕರಿಯ ಹೆಸರಿನಲ್ಲಿ. 1891ರಲ್ಲಿ ಸಾವಿರಾರು ಮಂದಿ ಸಹಿ ಹಾಕಿ, ಹುದ್ದೆಗಳೆಲ್ಲ ಹೊರಗಿನಿಂದ ಬಂದವರ ಪಾಲಾಗುತ್ತಿವೆ ಎಂದು ಅರಸರಿಗೆ ‘ಮಲಯಾಳಿ ಮೆಮೋರಿಯಲ್’ ಸಲ್ಲಿಸಿದರು. ಅದರಿಂದ ಈಳವರಿಗೆ ಪ್ರಯೋಜನವಾಗಲಿಲ್ಲ. 1896ರಲ್ಲಿ ಡಾ. ಪಲ್ಪು ಅವರ ಮುಂದಾಳುತನದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಸಹಿಗಳ ಮತ್ತೊಂದು ಮನವಿ ಹೋಯಿತು. ಈ ಪಲ್ಪು ಕನ್ನಡಿಗರಿಗೆ ಪರಕೀಯರಲ್ಲ. ಮದರಾಸಿನಲ್ಲಿ ವೈದ್ಯ ಓದಿ ಬಂದ ಅವರಿಗೆ ಜಾತಿಯ ಕಾರಣಕ್ಕೆ ತಾಯ್ನಾಡು ಕೆಲಸ ಕೊಡಲಿಲ್ಲ. ಕೊಟ್ಟದ್ದು ಮೈಸೂರು ಸಂಸ್ಥಾನ. ಬೆಂಗಳೂರಿನಲ್ಲಿ ಪ್ಲೇಗು ಹರಡಿದಾಗ ಅವರು ಮಾಡಿದ ಸೇವೆ ದಾಖಲೆಯಲ್ಲಿದೆ. ಮೈಸೂರಿನಲ್ಲೂ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಮಿಲ್ಲರ್ ಸಮಿತಿಯನ್ನು ನೇಮಿಸಿ, ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರ ಪಾಲು ಎಷ್ಟಿರಬೇಕೆಂದು ಕೇಳಿತು. ಎರಡು ಸಂಸ್ಥಾನಗಳೂ ಒಂದೇ ಪ್ರಶ್ನೆಯನ್ನು ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಎದುರಿಸಿದ್ದವು.

ಶಾಲೆಯ ಬಾಗಿಲಲ್ಲಿ ಹೋರಾಟ ಇನ್ನೂ ಕಠಿಣವಾಗಿತ್ತು. ತಿರುವನಂತಪುರದ ಹತ್ತಿರದ ವೆಂಙಾನೂರಿನ ಪುಲಯರ ನಾಯಕ ಅಯ್ಯನ್‌ಕಾಳಿಯವರು, ಪಂಚಮಿ ಎಂಬ ಪುಲಯ ಹುಡುಗಿಯನ್ನು ಊರೂಟ್ಟಂಬಲದ ಶಾಲೆಗೆ ಕರೆದುಕೊಂಡು ಹೋದಾಗ ಶಾಲೆಗೇ ಬೆಂಕಿ ಬಿತ್ತು. ಮಕ್ಕಳಿಗೆ ಓದಲು ಬಿಡದಿದ್ದರೆ ಹೊಲಗಳಲ್ಲಿ ಕೆಲಸವಿಲ್ಲ ಎಂದು ಅವರ ಜನ ದುಡಿಮೆ ನಿಲ್ಲಿಸಿದರು. 1937ರಲ್ಲಿ ಗಾಂಧೀಜಿ ವೆಂಙಾನೂರಿಗೆ ಬಂದಾಗ, ತನ್ನ ಸಮುದಾಯದಿಂದ ಹತ್ತು ಮಂದಿ ಬಿ.ಎ. ಆಗುವುದನ್ನು ಕಾಣಬೇಕು ಎಂಬುದೇ ಅಯ್ಯನ್‌ಕಾಳಿಯವರ ಆಸೆಯಾಗಿತ್ತು. ಊರೂಟ್ಟಂಬಲದ ಆ ಶಾಲೆಗೆ 2022ರಲ್ಲಿ ಸರ್ಕಾರ ಅಯ್ಯನ್‌ಕಾಳಿ ಮತ್ತು ಪಂಚಮಿಯ ಹೆಸರಿಟ್ಟಿತು.

ಆ ಹೊತ್ತಿಗೆ ಕೊಚ್ಚಿಯಲ್ಲಿ ಪದವಿ ಪಡೆದ ಒಬ್ಬ ದಲಿತ ಹೆಣ್ಣುಮಗಳು ಪಾಠವನ್ನೂ ಮಾಡುತ್ತಿದ್ದರು. ಮುಳವುಕಾಡು ದ್ವೀಪದಲ್ಲಿ 1912ರಲ್ಲಿ ಹುಟ್ಟಿದ ದಾಕ್ಷಾಯಣಿ ವೇಲಾಯುಧನ್ ಮಹಾರಾಜಾಸ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ 1935ರಲ್ಲಿ ಪದವಿ ಪಡೆದರು. ದೇಶದ ಮೊದಲ ದಲಿತ ಮಹಿಳಾ ಪದವೀಧರೆ ಎಂದು ಅವರನ್ನು ಗುರುತಿಸುತ್ತಾರೆ. ಮದರಾಸಿನಲ್ಲಿ ಅಧ್ಯಾಪಕ ತರಬೇತಿಯನ್ನೂ ಮುಗಿಸಿದರು. 1935ರಿಂದ 1945ರವರೆಗೆ ತ್ರಿಶೂರು, ತೃಪ್ಪುಣಿತ್ತುರ ಕಡೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕೆಲಸ ಮಾಡಿ, ಆಮೇಲೆ ಸಂವಿಧಾನ ರಚನಾ ಸಭೆಗೆ ಹೋದರು. ಕೇರಳದ ಶಾಲೆಗಳಲ್ಲಿ ಇಂದು ಹತ್ತು ಅಧ್ಯಾಪಕರಲ್ಲಿ ಏಳಕ್ಕಿಂತ ಹೆಚ್ಚು ಮಂದಿ ಹೆಂಗಸರು. ಆ ಸಾಲಿನ ಮುಂಚೂಣಿಯಲ್ಲಿ ದಾಕ್ಷಾಯಣಿಯವರ ಹೆಸರು ಇರಲೇಬೇಕು.

ಒಬ್ಬೊಬ್ಬರ ಧೈರ್ಯ, ಒಬ್ಬ ಅರಸನ ಒಳ್ಳೆಯತನ, ಇವುಗಳ ಮೇಲೆ ನಿಂತಿದ್ದ ವ್ಯವಸ್ಥೆಯನ್ನು ನಿಯಮದ ಮೇಲೆ ನಿಲ್ಲಿಸಿದ್ದು ‘ನಿವರ್ತನ’ ಚಳವಳಿ. 1930ರ ದಶಕದ ಆರಂಭದಲ್ಲಿ ಈಳವರು, ಮುಸ್ಲಿಮರು, ಕ್ರೈಸ್ತರು ಒಟ್ಟಾಗಿ ಶಾಸನಸಭೆಯ ಚುನಾವಣೆಯಿಂದ ದೂರ ಉಳಿದರು. ಅದರ ಫಲವಾಗಿ 1936ರಲ್ಲಿ ತಿರುವಿದಾಂಕೂರು ಪಬ್ಲಿಕ್ ಸರ್ವಿಸ್ ಕಮಿಷನ್ ಹುಟ್ಟಿತು. ಇಂದಿನ ಕೇರಳ ಪಿಎಸ್‌ಸಿಯ ಮೂಲ ಅಲ್ಲಿದೆ. ಅದರ ಸಮುದಾಯವಾರು ಸರದಿಯಲ್ಲಿ ಈಳವ, ತೀಯ, ಬಿಲ್ಲವರಿಗೆ ಒಟ್ಟಿಗೆ ನೂರಕ್ಕೆ ಹದಿನಾಲ್ಕು ಸ್ಥಾನ. ಮಂಜೇಶ್ವರದ ಬಿಲ್ಲವ ಯುವಕನೊಬ್ಬ ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕುವಾಗ ಪಲ್ಪು ಅವರ 1896ರ ಮನವಿಗೂ ಆ ಸಹಿಗೂ ಒಂದು ನಂಟಿದೆ.

ಆದರೆ ಈ ಸರದಿ ತಾಗುವುದು ಸರ್ಕಾರಿ ಶಾಲೆಗಳಿಗೆ ಮಾತ್ರ. ಕೇರಳದಲ್ಲಿ ಸರ್ಕಾರಿ ಶಾಲೆಗಳು 4,600ಕ್ಕೂ ಹೆಚ್ಚು, ಅನುದಾನಿತ ಶಾಲೆಗಳು 7,000ಕ್ಕೂ ಹೆಚ್ಚು. ಎರಡರಲ್ಲೂ ಸಂಬಳ ಕೊಡುವುದು ಸರ್ಕಾರ; ಅನುದಾನಿತದಲ್ಲಿ ಅಧ್ಯಾಪಕರನ್ನು ಆರಿಸುವವರು ಮಾತ್ರ ಮ್ಯಾನೇಜರು. ಜೋಸೆಫ್ ಮುಂಡಶ್ಶೇರಿ ಶಿಕ್ಷಣ ಸಚಿವರಾಗಿ 1957ರಲ್ಲಿ ತಂದ ಮಸೂದೆ ಇದನ್ನು ಬದಲಿಸಹೊರಟಿತ್ತು. ಪಿಎಸ್‌ಸಿ ತಯಾರಿಸಿದ ಪಟ್ಟಿಯಿಂದಲೇ ಅನುದಾನಿತ ಶಾಲೆಗಳೂ ಅಧ್ಯಾಪಕರನ್ನು ತೆಗೆದುಕೊಳ್ಳಬೇಕು ಎಂಬ ಕಲಮು ಅದರಲ್ಲಿತ್ತು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು, 1958ರಲ್ಲಿ ಅದು ಬಂತು, 1959ರ ಜೂನ್ 1ರಂದು ಕಾನೂನು ಜಾರಿಯಾಯಿತು. ಮುಂದಿನ ಸರ್ಕಾರ ಆ ಕಲಮನ್ನು ತೆಗೆದುಹಾಕಿತು. ಅಂದಿನಿಂದ ಇಂದಿನವರೆಗೆ ಪರಿಶಿಷ್ಟ ಜಾತಿ, ಪಂಗಡದವರ ಮೀಸಲಾತಿ ಅನುದಾನಿತ ಶಾಲೆಗಳ ನೇಮಕದಲ್ಲಿಲ್ಲ. ಅಂಗವಿಕಲರ ಪಾಲು ಕೂಡ ಇತ್ತೀಚಿನ ವರ್ಷಗಳಲ್ಲಿ ಹೈಕೋರ್ಟಿನ ಆದೇಶದ ಮೇಲೆ ಬಂದದ್ದು. ಸಾರ್ವಜನಿಕರ ಹಣದಿಂದ ನಡೆಯುವ ಹುದ್ದೆಗಳ ದೊಡ್ಡ ಪಾಲು ಸಾರ್ವಜನಿಕ ನ್ಯಾಯದ ಹೊರಗೆ ಉಳಿದಿರುವುದು ಈ ವ್ಯವಸ್ಥೆಯ ಅತಿ ದೊಡ್ಡ ಕೊರತೆ.

ಈ ಮಸೂದೆಗೆ ಮುಂಚಿನ ಹೋರಾಟಗಳೆಲ್ಲ ನಡೆಯುತ್ತಿದ್ದಾಗ ಕಾಸರಗೋಡು ಈ ರಾಜ್ಯದಲ್ಲಿರಲಿಲ್ಲ. ಅದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು. ಅಲ್ಲಿನ ಶಾಲೆಗಳ ಮುಖ ಮಂಗಳೂರಿನ ಕಡೆಗಿತ್ತು: ಬಾಸೆಲ್ ಮಿಶನ್ ಶಾಲೆಗಳ ಮಂಗಳೂರು, 1897ರಲ್ಲಿ ದಲಿತರಿಗಾಗಿ ಕುದ್ಮುಲ್ ರಂಗರಾಯರು ಸಂಸ್ಥೆ ಕಟ್ಟಿದ ಮಂಗಳೂರು. 1956ರ ನವೆಂಬರ್ 1ರಂದು ತಾಲ್ಲೂಕು ಕೇರಳಕ್ಕೆ ಸೇರಿತು. ಒಂದೇ ರಾತ್ರಿಯಲ್ಲಿ ಕನ್ನಡ ಅಧ್ಯಾಪಕರ ಇಲಾಖೆ, ನಿಯಮಪುಸ್ತಕ, ಮೇಲಧಿಕಾರಿಗಳ ಭಾಷೆ ಎಲ್ಲವೂ ಬದಲಾದವು. ಇಲಾಖೆಯ ಕೇಂದ್ರ ತಿರುವನಂತಪುರ, ರೈಲಿನಲ್ಲಿ ಇಡೀ ರಾತ್ರಿಯ ದಾರಿ. ಜನ ಹೇಗೆ ನೊಂದಿದ್ದರೆಂಬುದಕ್ಕೆ 1957ರ ಮೊದಲ ವಿಧಾನಸಭಾ ಚುನಾವಣೆಯೇ ಸಾಕ್ಷಿ: ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ, ಎದುರಾಳಿಯೇ ಇಲ್ಲದೆ ಗೆದ್ದರು.

ಆ ನೋವನ್ನು ಹೊತ್ತೂ ಪಾಠ ಬಿಡದ ಅಧ್ಯಾಪಕರ ತಲೆಮಾರು ಒಂದಿತ್ತು. ಕಯ್ಯಾರ ಕಿಞ್ಞಣ್ಣ ರೈಗಳು ಅವರಲ್ಲಿ ಎದ್ದು ಕಾಣುವವರು. 1915ರಲ್ಲಿ ಪೆರಡಾಲದಲ್ಲಿ ಹುಟ್ಟಿದವರು, ಸ್ವಾತಂತ್ರ್ಯ ಹೋರಾಟಗಾರರು, ಕವಿಗಳು. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ದೀರ್ಘಕಾಲ ಕಲಿಸಿದರು. ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಕೊನೆಯವರೆಗೂ ಹೇಳಿದ ಈ ‘ಮಾಸ್ಟ್ರು’, ಕೇರಳದ ಶಾಲೆಯೊಂದರ ಅಧ್ಯಾಪಕರಾಗಿಯೇ 1969ರಲ್ಲಿ ರಾಷ್ಟ್ರಪ್ರಶಸ್ತಿ ಪಡೆದರು. ನಿಲುವನ್ನೂ ಬಿಡಲಿಲ್ಲ, ತರಗತಿಯನ್ನೂ ಬಿಡಲಿಲ್ಲ. ನೂರು ವರ್ಷ ತುಂಬಿ, 2015ರ ಆಗಸ್ಟಿನಲ್ಲಿ ತೀರಿಕೊಂಡರು.

ಕನ್ನಡಕ್ಕೆ ಕಾನೂನಿನ ರಕ್ಷಣೆ ಇರಲಿಲ್ಲವೆಂದಲ್ಲ. 1956ರ ಏಳನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಸೌಕರ್ಯ ಇರಬೇಕು ಎನ್ನುತ್ತದೆ. ಕೇರಳದ 1969ರ ರಾಜ್ಯಭಾಷಾ ಕಾನೂನು ತಮಿಳರಿಗೂ ಕನ್ನಡಿಗರಿಗೂ ತಮ್ಮ ಭಾಷೆಯಲ್ಲೇ ಸರ್ಕಾರದೊಡನೆ ಪತ್ರವ್ಯವಹಾರ ಮಾಡಲು ಅವಕಾಶ ಕೊಟ್ಟಿತು. ಪಿಎಸ್‌ಸಿ ಕನ್ನಡ ಮಾಧ್ಯಮದ ಪ್ರಾಥಮಿಕ ಅಧ್ಯಾಪಕರಿಗೂ, ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಅಧ್ಯಾಪಕರಿಗೂ ಬೇರೆಯೇ ಅಧಿಸೂಚನೆ ಹೊರಡಿಸುತ್ತದೆ, ಬೇರೆಯೇ ರ್‍ಯಾಂಕ್ ಪಟ್ಟಿ ಮಾಡುತ್ತದೆ. 2012ರಲ್ಲಿ ಶುರುವಾದ ಅಧ್ಯಾಪಕರ ಅರ್ಹತಾ ಪರೀಕ್ಷೆ ಕೆ-ಟೆಟ್‌ನಲ್ಲೂ ಕನ್ನಡಕ್ಕೆ ಜಾಗವಿದೆ. ಒಂದು ಭಾಷಾ ಅಲ್ಪಸಂಖ್ಯಾತ ಸಮುದಾಯಕ್ಕಾಗಿ ಅಧ್ಯಾಪಕರ ಹುದ್ದೆಗಳನ್ನೇ ಪ್ರತ್ಯೇಕವಾಗಿ ಕಾದಿರಿಸುವ ಏರ್ಪಾಡು ಚಿಕ್ಕದಲ್ಲ. ಅದನ್ನು ಮನಸಾರೆ ಒಪ್ಪಿಕೊಂಡೇ ಮುಂದಿನ ಮಾತು ಹೇಳಬೇಕು.

ತರಬೇತಿಯ ಕಡೆಗೆ ಬಂದರೆ ಕಾಸರಗೋಡಿಗೆ ಒಂದು ಹೆಮ್ಮೆಯ ಅಧ್ಯಾಯವೂ ಇದೆ. ಕೇಂದ್ರದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಎಲ್ಲರ ಬಾಯಲ್ಲಿ ಡಿಪಿಇಪಿ, ಕೇರಳದಲ್ಲಿ 1994-95ರಲ್ಲಿ ಮೊದಲು ಕಾಲಿಟ್ಟದ್ದು ಮೂರು ಜಿಲ್ಲೆಗಳಿಗೆ: ಕಾಸರಗೋಡು, ವಯನಾಡು, ಮಲಪ್ಪುರಂ. ಪಾಠ ಒಪ್ಪಿಸುವುದನ್ನು ಬಿಟ್ಟು ಚಟುವಟಿಕೆಯಿಂದ ಕಲಿಸುವ ಕ್ರಮ, ಬ್ಲಾಕ್ ಸಂಪನ್ಮೂಲ ಕೇಂದ್ರಗಳು (ಬಿಆರ್‌ಸಿ), ತಿಂಗಳ ಕ್ಲಸ್ಟರ್ ಸಭೆಗಳು, ಬೇಸಿಗೆ ರಜೆಯ ತರಬೇತಿ ಎಲ್ಲವೂ ಆಗ ಬಂದವು. ರಾಜ್ಯದ ಉಳಿದ ಭಾಗ ಇದರ ಬಗ್ಗೆ ಪತ್ರಿಕೆಗಳಲ್ಲಿ ವಾದ ಮಾಡುತ್ತಿದ್ದಾಗ ಮಂಜೇಶ್ವರ, ಕುಂಬಳೆ ಉಪಜಿಲ್ಲೆಗಳ ಅಧ್ಯಾಪಕರು ಅದನ್ನು ತರಗತಿಯಲ್ಲಿ ಮಾಡಿ ನೋಡುತ್ತಿದ್ದರು. ಮಾಯಿಪ್ಪಾಡಿಯ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ, ಅಂದರೆ ಡಯಟ್, ಪ್ರಾಥಮಿಕ ಶಾಲೆಗಳಿಗೆ ಹೊಸ ಅಧ್ಯಾಪಕರನ್ನು ಕೊಡುತ್ತದೆ. ಆ ಅಧ್ಯಾಪಕ ತರಬೇತಿಗಿದ್ದ ಟಿಟಿಸಿ ಎಂಬ ಹಳೆಯ ಹೆಸರು ಊರಿನ ಮಾತಿನಿಂದ ಇನ್ನೂ ಹೋಗಿಲ್ಲ.

ಮೇಲಿನ ಹಂತದ ಕೆಲಸ ನಡೆಯುವುದು ತಿರುವನಂತಪುರದ ಪೂಜಪ್ಪುರದಲ್ಲಿ. ಪಠ್ಯಕ್ರಮ ರೂಪಿಸುವ ಎಸ್‌ಸಿಇಆರ್‌ಟಿ ಅಲ್ಲಿದೆ, ತಂತ್ರಜ್ಞಾನದ ತರಬೇತಿ ಕೊಡುವ ‘ಕೈಟ್’ ಕೂಡ ಅಲ್ಲಿದೆ. ಪಠ್ಯಪುಸ್ತಕ ಬದಲಾದಾಗೆಲ್ಲ ಕನ್ನಡದ ಅಧ್ಯಾಪಕರು ಮಾವೇಲಿಯನ್ನೋ ಮಲಬಾರ್ ಎಕ್ಸ್‌ಪ್ರೆಸ್ಸನ್ನೋ ಹತ್ತಿ ಕಾರ್ಯಾಗಾರಗಳಿಗೆ ಹೋಗುತ್ತಾರೆ. 2024ರಲ್ಲಿ 1, 3, 5, 7, 9ನೇ ತರಗತಿಗಳಿಗೆ, 2025ರಲ್ಲಿ ಉಳಿದ 2, 4, 6, 8, 10ಕ್ಕೆ ಹೊಸ ಪುಸ್ತಕ ಬಂದಾಗಲೂ ಕನ್ನಡ ಆವೃತ್ತಿಗೆ ದುಡಿದವರು ತರಗತಿಯ ಅಧ್ಯಾಪಕರೇ. ಅವರು ಸಿದ್ಧಪಡಿಸಿದ ಪುಟಗಳು ಕೊಚ್ಚಿಯ ಕಾಕ್ಕನಾಡಿನ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಾಗಿ ಮತ್ತೆ ಕಾಸರಗೋಡಿಗೆ ಬರುತ್ತವೆ. ಈ ಅನುವಾದಕರ ಕೆಲಸಕ್ಕೆ ಸಿಗುವ ಮನ್ನಣೆ ತೀರಾ ಕಡಿಮೆ. ಮಲಯಾಳದ ವಾಕ್ಯವನ್ನು ಕನ್ನಡದ ಮಗುವಿಗೆ ಒಗ್ಗುವಂತೆ ಮಾಡುವುದು, ಗಡುವಿನೊಳಗೆ, ತರಗತಿಯ ಕೆಲಸದ ನಡುವೆ: ಇದು ಪಾಂಡಿತ್ಯದ ಕೆಲಸ.

ಕೋವಿಡ್ ಬಂದು 2020ರ ಜೂನ್ 1ರಂದು ಕೈಟ್ ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ತರಗತಿಗಳು ಆರಂಭವಾದಾಗ, ತಮಿಳು ಮತ್ತು ಕನ್ನಡ ಮಾಧ್ಯಮದ ಪಾಠಗಳೂ ತಯಾರಾದವು. ಕ್ಯಾಮೆರಾದ ಮುಂದೆ ಎಂದೂ ನಿಲ್ಲದವರು ನಿಂತು ಕಲಿಸಿದರು. 2024ರಲ್ಲಿ 80,000 ಪ್ರೌಢಶಾಲಾ ಅಧ್ಯಾಪಕರಿಗೆ ಕೃತಕ ಬುದ್ಧಿಮತ್ತೆಯ ತರಬೇತಿ ಕೊಡಲು ಕೈಟ್ ಹೊರಟಿತು. ತಂಡಕ್ಕೆ ಇಪ್ಪತ್ತೈದು ಮಂದಿ, ಮೂರು ದಿನ. ಯಂತ್ರದ ವಿಷಯದಲ್ಲಿ ಈ ವ್ಯವಸ್ಥೆ ಎಷ್ಟು ಚುರುಕೆಂಬುದಕ್ಕೆ ಇದು ಸಾಕ್ಷಿ.

ಭಾಷೆಯ ವಿಷಯದಲ್ಲಿ ಆ ಚುರುಕು ಕಾಣುವುದಿಲ್ಲ.

2023ರಲ್ಲಿ ಅಡೂರಿನ ಸರ್ಕಾರಿ ಹೈಯರ್ ಸೆಕೆಂಡರಿ ಶಾಲೆಯ ಕನ್ನಡ ಮಾಧ್ಯಮದ ಮಕ್ಕಳೂ ಪೋಷಕರೂ ಪ್ರತಿಭಟನೆಗೆ ಇಳಿದರು. ಕನ್ನಡ ಮಾಧ್ಯಮದ ಹುದ್ದೆಗೆ ಬಂದ ಅಧ್ಯಾಪಕರಿಗೆ ಕನ್ನಡ ಬಾರದು ಎಂಬುದು ಅವರ ದೂರು. ಇಂಥದು ಅದೇ ಮೊದಲಲ್ಲ; ಕಾಸರಗೋಡಿನ ಬೇರೆ ಶಾಲೆಗಳಲ್ಲೂ ಆಗಿತ್ತು, ವ್ಯಾಜ್ಯಗಳು ಕೊಚ್ಚಿಯ ಹೈಕೋರ್ಟಿನವರೆಗೂ ಹೋಗಿವೆ. ಇದರಲ್ಲಿ ಆ ಅಧ್ಯಾಪಕರನ್ನು ದೂರುವುದು ನ್ಯಾಯವಲ್ಲ. ಅವರು ಅರ್ಜಿ ಹಾಕಿದರು, ಪರೀಕ್ಷೆ ಬರೆದರು, ಪಟ್ಟಿಯಲ್ಲಿ ಹೆಸರು ಬಂತು, ನೇಮಕವಾಯಿತು. ಕನ್ನಡ ಬಲ್ಲವರೆಂದು ಕಾಗದ ಹೇಳಿದರೆ ಸಾಕು ಎಂಬ ನಿಯಮ ಅವರನ್ನು ಅಲ್ಲಿಗೆ ತಂದಿತು. ಹತ್ತನೇ ತರಗತಿಯ ಮಗುವಿಗೆ ಅದೇ ಭಾಷೆಯಲ್ಲಿ ಒಂದು ಪ್ರಮೇಯವನ್ನೋ ಒಂದು ಕ್ರಾಂತಿಯ ಕಾರಣಗಳನ್ನೋ ವಿವರಿಸಬಲ್ಲರೇ ಎಂದು ತರಗತಿಯೊಳಗೆ ನಿಲ್ಲಿಸಿ ಯಾರೂ ಪರೀಕ್ಷಿಸಲಿಲ್ಲ. ನಷ್ಟ ಮಕ್ಕಳದು, ಪಬ್ಲಿಕ್ ಪರೀಕ್ಷೆ ಯಾರಿಗೂ ಕಾಯುವುದಿಲ್ಲ.

ಹಾಗೆ ಬಂದವರಿಗೆ ಭಾಷೆ ಕಲಿಸಿದರಾಯಿತು ಎಂಬ ಉತ್ತರವೂ ಇದೆ. 1969ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರ, ರಾಜ್ಯಗಳು ನಿಯೋಜಿಸಿ ಕಳಿಸುವ ಅಧ್ಯಾಪಕರಿಗೆ ಕನ್ನಡ, ಮಲಯಾಳ, ತಮಿಳು, ತೆಲುಗುಗಳನ್ನು ಹತ್ತು ತಿಂಗಳಲ್ಲಿ ಕಲಿಸುತ್ತದೆ. ಅತ್ಯುತ್ತಮ ಕೇಂದ್ರ ಅದು. ದೇಶದ ಎಷ್ಟೋ ಅಧ್ಯಾಪಕರು ಅಲ್ಲಿ ಇನ್ನೊಂದು ಭಾಷೆಗೆ ಬಾಯಿ ತೆರೆದಿದ್ದಾರೆ. ಆದರೆ ಅದರ ಗುರಿ ನೆರೆಭಾಷೆಯೊಂದನ್ನು ಕಲಿತು ತಮ್ಮ ರಾಜ್ಯದ ಮಕ್ಕಳಿಗೆ ಹೇಳಿಕೊಡುವುದು. ಹತ್ತು ತಿಂಗಳ ಕನ್ನಡದಲ್ಲಿ ಮಾತಾಡಬಹುದು, ಓದಬಹುದು. ಆ ಕನ್ನಡದಲ್ಲಿ ಭೌತವಿಜ್ಞಾನ ಕಲಿಸುವುದು ಬೇರೆಯೇ ಮಾತು. ನೇಮಕದ ತಪ್ಪನ್ನು ತರಬೇತಿ ತಿದ್ದಲಾರದು.

ಕಾಸರಗೋಡಿನ ಕನ್ನಡ ತರಗತಿಯೂ ಒಂದೇ ಭಾಷೆಯದಲ್ಲ ಎಂಬುದನ್ನು ಹೊರಗಿನವರು ಮರೆಯುತ್ತಾರೆ. ಸಪ್ತಭಾಷೆಗಳ ನೆಲ ಇದು. ಬೆಂಚಿನ ಮೇಲೆ ಕುಳಿತ ಮಗುವಿನ ಮನೆಮಾತು ತುಳು ಇರಬಹುದು, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಇರಬಹುದು. ಕೊರಗರ ಮನೆಯಿಂದ ಬಂದ ಮಗುವೂ ಅಲ್ಲಿದೆ. ಕನ್ನಡದ ಒಳ್ಳೆಯ ಅಧ್ಯಾಪಕರು ಮೊದಲಿಂದಲೂ ತುಳುವಿನಲ್ಲಿ ಗದರಿ, ಬ್ಯಾರಿಯಲ್ಲಿ ಸಮಾಧಾನ ಹೇಳಿ, ಕನ್ನಡದಲ್ಲಿ ಪಾಠ ಮಾಡಿದವರು. ಯಾವ ತರಬೇತಿ ಪುಸ್ತಕದಲ್ಲೂ ಈ ವಿದ್ಯೆ ಇರಲಿಲ್ಲ.

ಅದೇ ವಿದ್ಯೆಗೆ ಕೊಚ್ಚಿಯಲ್ಲಿ ಈಚೆಗೆ ಒಂದು ಯೋಜನೆಯ ರೂಪ ಸಿಕ್ಕಿದೆ. ಅಲ್ಲಿನ ಎಡಯಾರ್ ಕೈಗಾರಿಕಾ ವಲಯಕ್ಕೆ ಬಿಹಾರ, ಒಡಿಶಾ, ಬಂಗಾಳಗಳಿಂದ ಕಾರ್ಮಿಕ ಕುಟುಂಬಗಳು ಬಂದಿವೆ. ಅವರ ಮಕ್ಕಳು ಸೇರಿದ ಬಿನಾನಿಪುರಂ ಸರ್ಕಾರಿ ಪ್ರೌಢಶಾಲೆಯಲ್ಲಿ ಮಲಯಾಳ ಅರ್ಥವಾಗದೆ ಮಕ್ಕಳು ಸುಮ್ಮನೆ ಕೂರುತ್ತಿದ್ದರು. ಮಗುವಿನ ಮಾತಿನಿಂದ ಶುರುಮಾಡಿ ನಿಧಾನವಾಗಿ ಮಲಯಾಳಕ್ಕೆ ದಾಟಿಸುವ ಕ್ರಮವನ್ನು ಅಲ್ಲಿ ಬೆಳೆಸಿದರು. ಎರ್ನಾಕುಳಂ ಜಿಲ್ಲಾಡಳಿತ 2017ರಲ್ಲಿ ಇದನ್ನು ‘ರೋಶ್ನಿ’ ಎಂಬ ಹೆಸರಿನಲ್ಲಿ ಬೇರೆ ಶಾಲೆಗಳಿಗೂ ಒಯ್ದಿತು. ಬಿಪಿಸಿಎಲ್ ಕೊಚ್ಚಿ ರಿಫೈನರಿ ಹಣಕೊಟ್ಟಿತು. ಹಿಂದಿ, ಬಂಗಾಳಿ, ಒಡಿಯಾ ಬಲ್ಲ ಸ್ವಯಂಸೇವಕ ಶಿಕ್ಷಕರು ಬೆಳಿಗ್ಗೆ ಶಾಲೆ ಶುರುವಾಗುವ ಮುಂಚೆ ಪಾಠ ಮಾಡಿದರು, ಮಕ್ಕಳಿಗೆ ತಿಂಡಿಯೂ ಸಿಕ್ಕಿತು. ಅದೇ ವರ್ಷ ವಯನಾಡಿನಲ್ಲಿ ‘ಗೋತ್ರಬಂಧು’ ಬಂತು: ಆದಿವಾಸಿ ಸಮುದಾಯಗಳಲ್ಲೇ ಅಧ್ಯಾಪಕ ತರಬೇತಿ ಪಡೆದ ಇನ್ನೂರಕ್ಕೂ ಹೆಚ್ಚು ಯುವಕ ಯುವತಿಯರನ್ನು ಮೆಂಟರ್ ಶಿಕ್ಷಕರಾಗಿ ಶಾಲೆಗಳಿಗೆ ಕಳಿಸಿತು. ಮಗುವಿಗೆ ತನ್ನ ಮಾತು ಬಲ್ಲ ಒಬ್ಬರು ಶಾಲೆಯಲ್ಲಿರಬೇಕು ಎಂಬ ತತ್ವವನ್ನು ಕೇರಳ ಸರ್ಕಾರ ಹೀಗೆ ಎರಡು ಕಡೆ ತಾನಾಗಿಯೇ ಒಪ್ಪಿಕೊಂಡಿದೆ.

ಹಾಗೆ ಒಪ್ಪಿದ ಮೇಲೂ ಆ ಜನರನ್ನು ನಡೆಸಿಕೊಳ್ಳುವ ರೀತಿ ಬೇರೆ ಪ್ರಶ್ನೆ. ಡಿಪಿಇಪಿ ಕಾಲದಲ್ಲಿ ಕಾಡಿನ ಹಾಡಿಗಳಲ್ಲಿ ಶುರುವಾದ ಏಕೋಪಾಧ್ಯಾಯ ಕೇಂದ್ರಗಳನ್ನು 2022ರಲ್ಲಿ ಮುಚ್ಚಿದರು. ಎರಡು ದಶಕ ದೋಣಿಯಲ್ಲೂ ಕಾಲ್ನಡಿಗೆಯಲ್ಲೂ ಅಗಸ್ತ್ಯಮಲೆಯ ತಪ್ಪಲಿಗೆ ಹೋಗಿ ಕಲಿಸಿದ್ದ ಅಧ್ಯಾಪಕಿಯೊಬ್ಬರು ತಿರುವನಂತಪುರದ ಶಾಲೆಯೊಂದರಲ್ಲಿ ಕಸ ಗುಡಿಸುವ ಹುದ್ದೆಗೆ ಸೇರಿದರು. ಖಾಯಂ ಸಂಬಳ ಸಿಕ್ಕಿತು ಎಂಬುದು ನಿಜ. ಇಪ್ಪತ್ತು ವರ್ಷದ ಅನುಭವವನ್ನು ತರಬೇತಿ ಕೊಟ್ಟು ಉಳಿಸಿಕೊಳ್ಳಬಹುದಿತ್ತು, ಉಳಿಸಿಕೊಳ್ಳಲಿಲ್ಲ. ಇದು ಖಂಡಿತ ಅನ್ಯಾಯ.

ಕನ್ನಡದ ಹುದ್ದೆಗಳಿಗೂ ಅಂಥದೇ ಅಭದ್ರತೆ. ಪ್ರತಿ ಜೂನಿನಲ್ಲಿ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸಿ ಹುದ್ದೆ ನಿರ್ಣಯ ಮಾಡುತ್ತಾರೆ. ಊರಿನಲ್ಲಿ ಇಂಗ್ಲಿಷ್ ಶಾಲೆಯ ಬಸ್ಸು ಬಂದು ಎಂಟು ಹತ್ತು ಮಕ್ಕಳು ಹೋದರೆ ಒಂದು ಡಿವಿಷನ್ ಹೋಗುತ್ತದೆ, ಅದರೊಂದಿಗೆ ಒಂದು ಹುದ್ದೆ. ಖಾಲಿ ಬಿದ್ದ ಹುದ್ದೆಯನ್ನು ದಿನಗೂಲಿ ಅಧ್ಯಾಪಕರು ತುಂಬುತ್ತಾರೆ. ಅವರಿಗೆ ರಜೆಯ ತರಬೇತಿಯೂ ಇಲ್ಲ, ಮುಂದಿನ ವರ್ಷದ ಭರವಸೆಯೂ ಇಲ್ಲ. ಇದನ್ನು ಕಂಡ ಬುದ್ಧಿವಂತ ಹುಡುಗ ಹುಡುಗಿಯರು ಕನ್ನಡದಲ್ಲಿ ಬಿ.ಎಡ್. ಮಾಡಲು ಹಿಂದೆಮುಂದೆ ನೋಡಿದರೆ ಅವರ ತಪ್ಪೇನಿಲ್ಲ. ಕಾಸರಗೋಡು ಸರ್ಕಾರಿ ಕಾಲೇಜಿನ ಕನ್ನಡ ವಿಭಾಗ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಕಣ್ಣೂರು ವಿಶ್ವವಿದ್ಯಾಲಯದ ಅಧ್ಯಾಪಕ ಶಿಕ್ಷಣ ಕೇಂದ್ರ ಎಲ್ಲವೂ ಕೈಯಳತೆಯಲ್ಲಿವೆ. ಆದರೆ ಕನ್ನಡದಲ್ಲಿ ಗಣಿತ, ವಿಜ್ಞಾನ ಕಲಿಸಬಲ್ಲವರು ಬೇಕಾದಷ್ಟು ಹೊರಬರುತ್ತಿಲ್ಲ. ಪಟ್ಟಿ ತೆಳುವಾದಾಗ ಕಾಗದದ ಅರ್ಹತೆಯವರು ಒಳಗೆ ಬರುತ್ತಾರೆ. ಅಡೂರಿನಂಥ ಪ್ರಸಂಗಗಳ ಬೇರು ಇಲ್ಲಿದೆ.

ಹಾಗಾಗಿ ಈ ಬರಹದ ಮೂಲಕ ಇಲಾಖೆಯ ಮುಂದಿಡುವ ಬೇಡಿಕೆಗಳು ದೊಡ್ಡವಲ್ಲ. ಕನ್ನಡ ಮಾಧ್ಯಮದ ಯಾವುದೇ ಹುದ್ದೆಗೆ ಆಯ್ಕೆಯ ಮೊದಲು ಕನ್ನಡದಲ್ಲೇ ಒಂದು ಪಾಠ ಮಾಡಿಸಿ ನೋಡಲಿ. ರಾಜ್ಯ ಮಟ್ಟದ ತರಬೇತಿಯ ಕೈಪಿಡಿ ಮಲಯಾಳದಲ್ಲಿ ಬಂದ ದಿನವೇ ಕನ್ನಡದಲ್ಲೂ ಬರಲಿ. ದಿನಗೂಲಿಯವರನ್ನೂ ಬೇಸಿಗೆ ತರಬೇತಿಗೆ ಕರೆಯಲಿ. ಕಾಸರಗೋಡಿನ ಪದವೀಧರರಿಗೂ ಒಂದು ಮಾತು: ಕೆ-ಟೆಟ್ ಅರ್ಜಿ ಹಾಕುವಾಗ ಭಾಷೆಯ ಜಾಗದಲ್ಲಿ ಕನ್ನಡವನ್ನು ಗುರುತು ಮಾಡಿ, ಪಿಎಸ್‌ಸಿಯ ಕನ್ನಡ ಮಾಧ್ಯಮದ ಅಧಿಸೂಚನೆ ಬಂದಾಗ ಬಿಡದೆ ಅರ್ಜಿ ಹಾಕಿ. ಆ ಹುದ್ದೆಗಳು ನಿಮ್ಮ ಊರಿನ ಮಕ್ಕಳಿಗಾಗಿ ಇರುವಂಥವು.